ಎಣ್ಣೆ ಹಚ್ಚಿದ ಮೇಲೆ

"ನಮ್ಮನೆಯವರು ಎದ್ದೇಳ್ತಾರೆ ಅಂತ ಒಂದು ಮಾತು ಹೇಳಿಬಿಡಪ್ಪ. ನೀವು ತಲೆ ಮೇಲೆ ಕೈಯಿಟ್ಟು ಹೇಳಿದ್ರೆ ಆಗುತ್ತಂತೆ," ಎಂದಳು ಕಮ್ಮಾರನ ಹೆಂಡತಿ, ಬಾಗಿಲಿಗೆ ಅಡ್ಡ ನಿಂತು. ಹೊರಗೆ ಬಿಳಿ ಅಂಗಿ, ಕಪ್ಪು ಟೈ ತೊಟ್ಟ ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಇಬ್ಬರು ಪ್ರಚಾರಕರು ಬೂಟಿನ ಕೆಸರು ಒರೆಸುತ್ತಿದ್ದರು. ಅವರನ್ನು ಹುಡುಕಿಕೊಂಡು ಹೋಗಿ ಕರೆದವಳು ಅವಳೇ. ಅವರ ಸಭೆಯ ಪದ್ಧತಿಯಂತೆ ಕಾಯಿಲೆಯವರ ನೆತ್ತಿಗೆ ಒಬ್ಬ ಎಣ್ಣೆ ಹಚ್ಚಬೇಕು, ಇನ್ನೊಬ್ಬ ಆಶೀರ್ವಾದದ ಮಾತು ಆಡಬೇಕು. ಮಾತಿನ ಸರದಿ ಈ ಸಲ ಇಬ್ಬರಲ್ಲಿ ಚಿಕ್ಕವನದು. "ಒಳಗಿಂದ ಬಂದದ್ದನ್ನು ಹೇಳು. ಬರದಿದ್ದನ್ನು ಸೇರಿಸಬೇಡ," ಎಂದು ದೊಡ್ಡವನು ದಾರಿಯಲ್ಲೇ ಹೇಳಿದ್ದ.

ಚಿಕ್ಕವನು ಕಡಲಾಚೆಯವನು, ಹಸು ಸಾಕುವವರ ಮನೆಯ ಮಗ. ಬೆಳಗಾದರೆ ಬಾಗಿಲು ತಟ್ಟುವುದು, ಮುಖದ ಮೇಲೆ ಮುಚ್ಚಿದ ಬಾಗಿಲಿಗೂ ವಂದನೆ ಹೇಳಿ ಮುಂದಿನ ಮನೆಗೆ ಹೋಗುವುದು, ವಾರಕ್ಕೊಮ್ಮೆ ತಾಯಿಗೆ ಫೋನು ಮಾಡಿ ಚೆನ್ನಾಗಿದ್ದೇನೆ ಎನ್ನುವುದು, ಇಷ್ಟೇ ಅವನ ಬದುಕಾಗಿತ್ತು. ಮೀಸೆ ಇನ್ನೂ ಸರಿಯಾಗಿ ಚಿಗುರದಿದ್ದರೂ ಎದೆಯ ಮೇಲಿನ ಕಪ್ಪು ಬಿಲ್ಲೆಯಲ್ಲಿ 'ಎಲ್ಡರ್', ಎಂದರೆ ಹಿರಿಯ, ಎಂದು ಬರೆದಿತ್ತು. ಅದರ ಅರ್ಥ ತಿಳಿದ ದಿನದಿಂದ ಕಮ್ಮಾರ ಅವನನ್ನು 'ಹಿರಿಯಾ' ಎಂದೇ ಕರೆಯುತ್ತಿದ್ದ. "ನಿಮ್ಮ ದೇವರ ಮಾತು ನನಗೆ ಬೇಡ. ಕುಲುಮೆಗೆ ಗಾಳಿ ಹಾಕೋ ತಿದಿ ಒತ್ತೋದಾದ್ರೆ ದಿನಾ ಬನ್ನಿ," ಎಂದಿದ್ದ. ಅವರು ಹೋಗಿ ಒತ್ತಿಯೂ ಇದ್ದರು. ಈಗ ಕುಲುಮೆ ಆರಿತ್ತು.

ಒಳಕೋಣೆಯ ಮಂಚದ ಮೇಲೆ ಕಮ್ಮಾರ ದಿಂಬುಗಳಿಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು.

"ಬಾರಪ್ಪಾ ಹಿರಿಯಾ. ಎಣ್ಣೆ ಬಿಡ್ತೀಯಂತೆ. ತುಕ್ಕು ಹಿಡಿದ ಬೀಗ, ತಿರುಗುತ್ತೇನೋ ನೋಡು."

"ಬಾಯಿ ಮುಚ್ಚಿಕೊಂಡು ಕೂತ್ಕೊಳ್ಳಿ," ಹೆಂಡತಿ ಗದರಿದಳು. "ನಾಳೆ ನಾಡಿದ್ದು ಎದ್ದು ಓಡಾಡೋರು, ದೇವರ ಮುಂದೆ ಏನು ತಮಾಷೆ?"

ದೊಡ್ಡವನು ಪುಟ್ಟ ಸೀಸೆಯಿಂದ ನೆತ್ತಿಗೆ ಒಂದು ಹನಿ ಬಿಟ್ಟು, ಮೆಲುದನಿಯಲ್ಲಿ ಪ್ರಾರ್ಥಿಸಿದ. ಆಮೇಲೆ ಇಬ್ಬರೂ ಕೈಯಿಟ್ಟರು. ಚಿಕ್ಕವನ ಕಿರುಬೆರಳು ಕಮ್ಮಾರನ ಕಿವಿಗೆ ತಗುಲಿತು. ಕಿವಿ ತಣ್ಣಗಿತ್ತು. ಕೋಣೆಯಲ್ಲಿ ಸೆಕೆಯಿತ್ತು, ಮೈಮೇಲೆ ಎರಡು ಕಂಬಳಿಗಳಿದ್ದವು, ಆದರೂ ಕಿವಿ ತಣ್ಣಗಿತ್ತು. ಚಿಕ್ಕವನ ಊರಿನ ಕೊಟ್ಟಿಗೆಯಲ್ಲಿ ಹಸು ಕಾಯಿಲೆಯಿಂದ ನೆಲ ಹಿಡಿದರೆ ಅಪ್ಪ ಮೊದಲು ಮುಟ್ಟುತ್ತಿದ್ದುದು ಅದರ ಕಿವಿಯನ್ನೇ. ಮುಟ್ಟಿದ ಮೇಲೆ ಕೆಲವು ಸಲ ಔಷಧಿಗೆ ಓಡುತ್ತಿದ್ದ. ಕಿವಿ ತೀರಾ ತಣ್ಣಗಾಗಿದ್ದರೆ ಓಡುತ್ತಿರಲಿಲ್ಲ, ಹುಲ್ಲಿನ ಮೇಲೆ ಹಸುವಿನ ಪಕ್ಕ ಸುಮ್ಮನೆ ಕೂರುತ್ತಿದ್ದ.

ಚಿಕ್ಕವನು ಬಾಯಿ ತೆರೆದ. 'ನೀವು ಏಳುತ್ತೀರಿ' ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಎದುರಿಗೆ ಅವಳು ಕೈ ಜೋಡಿಸಿಕೊಂಡು ಅವನ ತುಟಿಯನ್ನೇ ನೋಡುತ್ತಿದ್ದಳು. ಅವನು ಕಣ್ಣು ಮುಚ್ಚಿದ. ಕಮ್ಮಾರನ ಉಸಿರು ಎಳೆದು ಬಿಡುವ ಸದ್ದೊಂದೇ ಕೇಳುತ್ತಿತ್ತು. ಆಮೇಲೆ ಚಿಕ್ಕವನು ಹೇಳಿದ: "ಹೆದರಬೇಡಿ. ದೇವರು ನಿಮ್ಮ ಕೈ ಬಿಡೋದಿಲ್ಲ. ನಿಮ್ಮವರೂ ಬಿಡೋದಿಲ್ಲ. ಆಮೆನ್."

"ಅಷ್ಟೇನಾ?" ಎಂದಳು ಅವಳು. "ಏಳ್ತಾರೆ ಅನ್ನೋಕೆ ನಿನ್ನ ಗಂಟೇನು ಹೋಗ್ತಿತ್ತು? ಪಕ್ಕದ ಮನೆಯವಳು ಹೇಳಿದ್ಳು, ಹಾಲಿನವನು ಹೇಳಿದ. ದೇವರ ಹತ್ರಾನೇ ಕೆಲಸಕ್ಕಿರೋನು ನೀನು, ನಿನ್ನ ಬಾಯಲ್ಲಿ ಬರಲಿಲ್ವಲ್ಲ!"

ದೊಡ್ಡವನು ಇರಿಸುಮುರಿಸಿನಿಂದ ಮುಂದೆ ಬಂದ. "ತಪ್ಪು ತಿಳೀಬೇಡಿ ಅಮ್ಮಾ. ಇವನಿಗೆ ನಿಮ್ಮ ಭಾಷೆ ಇನ್ನೂ ಸರಿಯಾಗಿ ಬರೋದಿಲ್ಲ."

"ಬರುತ್ತೆ," ಎಂದ ಚಿಕ್ಕವನು.

ಅವಳು ಬಾಗಿಲಿನತ್ತ ಕೈ ತೋರಿಸಿದಳು. "ಹೋಗಿ. ಇಬ್ರೂ ಹೋಗಿ."

"ಸುಮ್ಮನಿರೇ," ಎಂದ ಕಮ್ಮಾರ. ಒಂದೊಂದು ಮಾತಿಗೂ ಒಂದೊಂದು ಉಸಿರು ಕೂಡಿಸಿಕೊಳ್ಳುತ್ತಿದ್ದ. "ಅವನನ್ನ ಯಾಕೆ ಬೈತೀಯ? ಬಂದವರೆಲ್ಲ ಏಳ್ತೀಯ ಏಳ್ತೀಯ ಅಂದ್ರು. ನೀನೂ ಅಂದೆ. ನಾನೂ ಹ್ಞೂಂ ಅಂದೆ. ಹೀಗೆ ಅಂದುಕೊಂಡೇ ಇಷ್ಟು ದಿನ ಹೋಯ್ತು. ನಿನ್ನ ಜೊತೆ ಒಂದು ಮಾತು ಆಡೋಕಾಗ್ಲಿಲ್ಲ ಕಣೇ."

ಅವಳ ಚಾಚಿದ ಕೈ ಹಾಗೇ ಇಳಿಯಿತು. ಮದ್ದು ಕುಡಿಸಲು, ಕಂಬಳಿ ಸರಿಮಾಡಲು ದಿನವಿಡೀ ಆ ಮಂಚದ ಸುತ್ತ ಓಡಾಡುತ್ತಿದ್ದವಳು ಅದರ ಮೇಲೆ ಕೂತಿದ್ದನ್ನು ಯಾರೂ ನೋಡಿರಲಿಲ್ಲ. ಈಗ ಬಂದು ಅವನ ಪಕ್ಕದಲ್ಲಿ ಕೂತಳು. ಹುಡುಗರಿಬ್ಬರೂ ಸದ್ದಾಗದಂತೆ ಬಾಗಿಲ ಕಡೆಗೆ ಸರಿದರು.

"ಹೆದರಿಕೆ ಆಗ್ತಿದೆಯಾ ನಿಮಗೆ?" ಎಂದು ಕೇಳಿದಳು.

ಮದುವೆಯಾದಂದಿನಿಂದ ಅವಳು ಅವನನ್ನು ಆ ಮಾತು ಕೇಳಿರಲಿಲ್ಲ. ಕಮ್ಮಾರ ಹೌದೆಂದು ತಲೆಯಾಡಿಸಿದ.