ಸೀರೆ ಉಟ್ಟ ಚೀಲಗಳು

ಗ್ರೀಸ್ ಮೆತ್ತಿದ ಗೋಣಿಚೀಲದ ವಾಸನೆ ಬಂದರೆ ಈಗಲೂ ನನಗೆ ಆ ಭಾನುವಾರದ ಮಧ್ಯಾಹ್ನ ನೆನಪಾಗುತ್ತದೆ.

ಗದಗ ಹೊಸ ಜಿಲ್ಲೆಯಾದ ಕಾಲ. ಮುಂಡರಗಿ ರಸ್ತೆಯ ಪಕ್ಕ ಇಮಾಮಸಾಬರು ಮಕ್ಕಳ ಆಟದ ಪಾರ್ಕು ತೆರೆದಿದ್ದರು. ಊಟ ಮುಗಿದು, ಪಾತ್ರೆ ತೊಳೆದಿಟ್ಟ ಮೇಲೆಯೇ ಶಿಕ್ಷಕಿಯಾಗಿದ್ದ ಅವ್ವ ನನ್ನನ್ನು ಅಲ್ಲಿಗೆ ಕರೆದೊಯ್ದಳು. ಪಾರ್ಕಿನಲ್ಲಿ ಬೇರೆ ಯಾರೂ ಇರಲಿಲ್ಲ. ಆದರೆ ದೊಡ್ಡ ಚಕ್ರದ ತೊಟ್ಟಿಲುಗಳಲ್ಲಿ ಸೀರೆ ಉಟ್ಟವರು ಕುಳಿತಿದ್ದರು. ಹತ್ತಿರ ಹೋಗಿ ನೋಡಿದರೆ ಎಲ್ಲವೂ ಮರಳು ತುಂಬಿದ ಚೀಲಗಳು. ಸೀರೆ ಸರಿಸಿ ಮುಟ್ಟಿದೆ. ಗೋಣಿ ಬಿಸಿಲಿಗೆ ಕಾದಿತ್ತು, ಬೆರಳಿಗೆ ಗ್ರೀಸ್ ಅಂಟಿತು.

“ಚೀಲ ಯಾಕ್ರೀ ಕುಂತಾವು?” ಎಂದು ಕೇಳಿದೆ.

“ನೀ ಒಬ್ಬಾಕಿನ ಕುಂತ್ರ ಚಕ್ರ ಒಂದ ಕಡಿ ಜಗ್ಗತೈತವ್ವಾ. ಎದುರಿಗೆ ತೂಕ ಬೇಕು,” ಎಂದರು ಇಮಾಮಸಾಬರು.

“ಮತ್ತ ಸೀರಿ?”

ಅವರು ನಕ್ಕರು. “ಅದು ನಮ್ಮಾಕಿ ಶಾಣ್ಯಾತನ. ರಸ್ತಾದಿಂದ ನೋಡಿದವ್ರಿಗೆ ಮಂದಿ ಕಾಣ್ಲಿ ಅಂತ.” ಆಮೇಲೆ ಅವ್ವನ ಕಡೆ ತಿರುಗಿದರು. “ಪಾಲುದಾರ್ರು ಕೈ ಬಿಟ್ರು ಅಕ್ಕಾರ. ಇವತ್ತೂ ಬ್ಯಾರೆ ಯಾರೂ ಬರ್ಲಿಲ್ಲಂದ್ರ ನಾಳೆ ಚಕ್ರ ಬಿಚ್ಚಸ್ತೀನ್ರಿ.”

ಅವ್ವ ಸೆರಗು ಸಿಕ್ಕಿಸಿಕೊಂಡಳು. “ಆ ಚೀಲ ಇಳಸ್ರಿ. ನಾ ಕುಂಡ್ರತೀನಿ.”

“ನೀವೇನ್ರಿ?”

“ಚೀಲ ಕೈ ಬೀಸತಾವೇನ್ರಿ?”

ಚಕ್ರ ಕಿರ್ರೆಂದು ತಿರುಗಿತು. ನನ್ನ ಎದುರಿನ ತೊಟ್ಟಿಲಿನಲ್ಲಿದ್ದ ಅವ್ವ ಮೇಲೇರಿದಾಗಲೆಲ್ಲ ರಸ್ತೆಯತ್ತ ಕೈ ಬೀಸಿದಳು. ನಾನೂ ಬೀಸಿದೆ. ಒಂದು ಬಸ್ಸು ನಿಧಾನವಾಯಿತು, ಕಿಟಕಿಗಳಿಂದ ಕೈಗಳು ಹೊರಬಂದವು. ಇಮಾಮಸಾಬರು ಓಡಿಹೋಗಿ ಗೇಟಿನ ಎರಡನೆಯ ಬಾಗಿಲನ್ನೂ ತೆರೆದರು.

ಬಸ್ಸು ಗೇರು ಬದಲಿಸಿ ಮುಂಡರಗಿಯ ಕಡೆಗೆ ಹೋಯಿತು.

ಸಂಜೆ ನಾವು ಹೊರಟಾಗಲೂ ಅವರು ಆ ಬಾಗಿಲು ಮುಚ್ಚಿರಲಿಲ್ಲ.