ಸಾಸಿವೆ ಡಬ್ಬಿ

ಗಂಡ ಇನ್ನೊಮ್ಮೆ ಕೈ ಮಾಡಿದರೆ ಮಗಳನ್ನು ಕರೆದುಕೊಂಡು ಹೊರಟುಬಿಡಬೇಕೆಂದು ವಾರಿಜ ಸಾಸಿವೆ ಡಬ್ಬಿಯಲ್ಲಿ ದುಡ್ಡು ಕೂಡಿಡುತ್ತಿದ್ದಳು. ಅದನ್ನು ಕಂಡು ಮಗಳು ನಕ್ಕುಬಿಟ್ಟಳು.

"ಯಾವ ಕಾಲದಲ್ಲಿದ್ದೀಯಮ್ಮ? ಫೋನಲ್ಲೇ ಉಳಿತಾಯದ ಆ್ಯಪ್ ಇದೆ. ಅದರಲ್ಲಿಡು, ಅಪ್ಪಂಗೆ ಸುಳಿವೂ ಸಿಗಲ್ಲ. ಆ್ಯಪ್‌ಗೆ ಕಟ್ಟೋ ತಿಂಗಳ ಚಂದಾ ವಿಷಯ ನಂಗೆ ಬಿಡು."

ಖಾತೆಗೊಂದು ಹೆಸರು ಕೊಡಬೇಕಿತ್ತು. ವಾರಿಜ 'ಸಾಸಿವೆ ಡಬ್ಬಿ' ಎಂದೇ ಬರೆಸಿದಳು.

ಅಡುಗೆಮನೆಗೆ ಎಂದೂ ಕಾಲಿಡದ ಗಂಡ ಒಂದು ದಿನ ಊಟಕ್ಕೆ ಕೂತವನೇ ಕೇಳಿದ, "ಸಾರಿಗೆ ಒಗ್ಗರಣೆ ಯಾಕಿಲ್ಲ?"

"ಸಾಸಿವೆ ಮುಗಿದಿದೆ."

"ಡಬ್ಬಿ ತುಂಬ್ತಾ ಬಂದಿದೆಯಲ್ಲೇ," ಎನ್ನುತ್ತ ಅವನು ತನ್ನ ಫೋನನ್ನು ಅವಳತ್ತ ತಿರುಗಿಸಿದ.

ವಾರಿಜ ಮಗಳ ಮುಖ ನೋಡಿದಳು.

ತಟ್ಟೆಯಿಂದ ತಲೆಯೆತ್ತದೆ ಮಗಳು ಹೇಳಿದಳು, "ಚಂದಾ ಕಟ್ತಿರೋದು ಅಪ್ಪಾನೇ ಕಣಮ್ಮ."