ಹೊಸ್ತಿಲಾಚೆಯ ಹುಲಿ

ಎಳ್ಳೆಣ್ಣೆ, ಶುಂಠಿ ಹಾಕಿ ಬೇಯಿಸಿದ ಕೋಳಿಸಾರಿನ ಬಟ್ಟಲನ್ನು ಬಾಣಂತಿ ಕೋಣೆಯ ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟು ಬೋಂಗ್‌ಚಿ ಎಂದಿನಂತೆ ಹಿಂದೆ ಸರಿದಳು. ಒಳಗಿನಿಂದ ಸೊಸೆಯ ಕೈ ಬರಲಿಲ್ಲ. ಮಗುವಿನತ್ತ ಕಣ್ಣು ಹೋಗದ ಹಾಗೆ ಪರದೆಯನ್ನು ಚೂರೇ ಸರಿಸಿ ಇಣುಕಿದರೆ, ಸಿಯುಬೀ ಬಟ್ಟೆಯ ಗಂಟು ಕಟ್ಟುತ್ತಿದ್ದಾಳೆ.

"ಏನೇ ಇದು?"

"ತವರಿಗೆ ಹೋಗ್ತೀನಿ ಅತ್ತೆ."

"ತಲೆಗಿಲೆ ಕೆಟ್ಟಿದೆಯಾ? ತಿಂಗಳು ತುಂಬದೆ ಬಾಣಂತಿ ಮನೆಯಿಂದ ಆಚೆ ಹೋಗ್ತಾಳಾ? ಮೈಗೆ ಗಾಳಿ ಸೋಕಿದ್ರೆ ಮುದುಕಿಯಾಗೋವರೆಗೂ ಮೂಳೆ ನೋಯುತ್ತೆ! ಸಾರು ಆರ್ತಿದೆ, ಮೊದಲು ಕುಡಿ."

"ಒಳಗೆ ಬಂದು ನೀವೇ ಕೊಡಿ."

ಬೋಂಗ್‌ಚಿಯ ಕಾಲು ಎದ್ದಿತು, ಮತ್ತೆ ಇದ್ದಲ್ಲೇ ಕೂತಿತು. "ನನಗೆ ಕೆಮ್ಮಲ್ವೇನೇ," ಎಂದು ಹೆರಿಗೆಯಾದಾಗಿಂದ ಹೇಳುತ್ತಿದ್ದ ಮಾತನ್ನೇ ಹೇಳಿ, ಸಾಕ್ಷಿಗೆ ನಾಲ್ಕು ಸಲ ಕೆಮ್ಮಿಯೂ ತೋರಿಸಿದಳು.

ಕೆಮ್ಮೂ ಇಲ್ಲ, ಗಿಮ್ಮೂ ಇಲ್ಲ. ಬೋಂಗ್‌ಚಿ ಹುಲಿ. ಇಲಿ, ಎತ್ತು, ಹುಲಿ, ಮೊಲ ಎಂದು ಹನ್ನೆರಡು ಪ್ರಾಣಿಗಳಿಗೆ ಒಂದೊಂದು ವರ್ಷ ಹಂಚಿಕೊಟ್ಟ ದೇವರು, ಹುಲಿಯ ವರ್ಷದಲ್ಲಿ ಹೆಣ್ಣಾಗಿ ಹುಟ್ಟಿದವರ ಗತಿಯೇನೆಂದು ಯೋಚಿಸಿದಂತಿಲ್ಲ. ಹುಲಿ ಹೆಣ್ಣು ಮದುಮಗಳ ಕೋಣೆಗೆ ಕಾಲಿಡಬಾರದು, ಹಸುಗೂಸಿನ ಮುಖ ನೋಡಬಾರದು. ಹೆತ್ತ ತಾಯಿಗಷ್ಟೇ ವಿನಾಯಿತಿ. ಸೊಸೆಯಾಗಿ ಬಂದರಂತೂ ಮನೆಯ ಹಿರಿಯರನ್ನೇ ನುಂಗಿಬಿಡುತ್ತಾಳಂತೆ. ಹುಲಿ ವರ್ಷದ ಕೊನೆಯಲ್ಲಿ ಹುಟ್ಟಿದ ಬೋಂಗ್‌ಚಿಯನ್ನು ಅಪ್ಪ ಮನೆಯೊಳಗೇ ಮುಚ್ಚಿಟ್ಟು, ಹೊಸ ವರ್ಷದ ಪಟಾಕಿ ಸದ್ದು ಅಡಗಿದ ಮೇಲೆ ನಿಧಾನವಾಗಿ ಕಚೇರಿಗೆ ಹೋಗಿ, ಆಗಷ್ಟೇ ಹುಟ್ಟಿದಳೆಂದು ಬರೆಸಿ ಮೊಲ ಮಾಡಿಸಿಕೊಂಡು ಬಂದಿದ್ದ. ಮೊಲವಾಗಿಯೇ ಮದುವೆಯಾಗಿ, ಮಗ ಅಹೋಕ್‌ನಿಗೂ ಬಾಯಿ ಬಿಡದೆ, ಮೊಲವಾಗಿಯೇ ಅತ್ತೆಯೂ ಆದಳು.

ಊರಿನ ಕಣ್ಣಿಗೆ ಮಣ್ಣೆರಚಬಹುದು. ಆದರೆ ಹಸುಗೂಸಿನ ಜೀವದ ಜೊತೆ ಆಟವಾಡಲಾದೀತೆ? ಮೊಮ್ಮಗಳು ಒಳಗೆ ಅತ್ತಾಗಲೆಲ್ಲ ಎತ್ತಿಕೊಳ್ಳಲು ಬೋಂಗ್‌ಚಿಯ ಕೈ ತವಕಿಸುತ್ತಿತ್ತು. ಆಗೆಲ್ಲ ಅಡುಗೆಮನೆಗೆ ಓಡಿ ಇನ್ನಷ್ಟು ಶುಂಠಿ ಜಜ್ಜುತ್ತಿದ್ದಳು.

"ಹೆಣ್ಣು ಹುಟ್ಟಿತು ಅಂತ ನಾನು ಮುಖ ತಿರುಗಿಸಿದೀನಿ ಅಂದ್ಕೊಂಡ್ಯಾ?" ಬೋಂಗ್‌ಚಿ ಕೇಳಿದಳು. "ನನ್ನ ಹೆಸರಿನ ಅರ್ಥ ಗೊತ್ತಲ್ಲೇ ನಿನಗೆ, 'ಹುಟ್ಟಿಬಿಟ್ಟಿದೆ, ಹೆಂಗೋ ಸಾಕಿದ್ರಾಯ್ತು' ಅಂತ. ಅಂಥ ಹೆಸರು ಹೊತ್ತೋಳು ಹೆಣ್ಣು ಕೂಸನ್ನ ಬೇಡ ಅಂತೀನಾ?"

"ಅದಲ್ಲ ಅತ್ತೆ. ನಾನು ಹೋಗೋದೇ ಒಳ್ಳೇದು. ದಾರಿ ಬಿಡಿ."

ಸಿಯುಬೀ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಗಂಟು ಹಿಡಿದು ಬಾಗಿಲಿಗೇ ಬಂದುಬಿಟ್ಟಳು. ಅಹೋಕ್ ಮೀನುಕೊಳದಿಂದ ಬರುವುದು ಇನ್ನೂ ತಡ. ಬೋಂಗ್‌ಚಿಗೆ ದಿಕ್ಕೇ ತೋಚಲಿಲ್ಲ. ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತು, ಮಗು ಕಾಣಬಾರದೆಂದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂಗಿದಳು:

"ನಾನು ಹುಲಿ ಕಣೇ! ಮೊಲ ಅಲ್ಲ, ಹುಲಿ! ಅದಕ್ಕೇ ಒಳಗೆ ಬರಲಿಲ್ಲ. ಸಾಕಾ? ಈಗ ಹೋಗ್ಲೇಬೇಕು ಅಂದ್ರೆ ತಲೆಗೊಂದು ಬಟ್ಟೆಯಾದ್ರೂ ಸುತ್ಕೋ, ಗಾಳಿ ಇದೆ."

ಗಂಟು ನೆಲಕ್ಕೆ ಬಿದ್ದ ಸದ್ದಾಯಿತು.

"ಹಾಗಾದ್ರೆ ಆ ಕೆಮ್ಮು?" ಸೊಸೆ ಕೇಳಿದಳು.

"ಬರೀ ಸುಳ್ಳು."

"ಒಂದ್ಸಲಾನೂ ನಿಜವಾಗಿ ಬರಲಿಲ್ವಾ?"

"ನನಗೇನಾಗಿದೆ ಧಾಡಿ? ಗುಂಡುಕಲ್ಲಿನ ಹಂಗಿದೀನಿ."

ಬಿಕ್ಕಿದಂತೆ ಏನೋ ಕೇಳಿಸಿತು. ಬೋಂಗ್‌ಚಿ ಒಂದೇ ಕಣ್ಣನ್ನು ಮೆಲ್ಲಗೆ ತೆರೆದಳು. ಸಿಯುಬೀ ಮಂಚದಂಚಿನಲ್ಲಿ ಕುಸಿದು ಕೂತು ಮಗುವನ್ನು ಅವಚಿಕೊಂಡು ನಗುತ್ತಿದ್ದಳು. ಕೆನ್ನೆಯ ಮೇಲೆಲ್ಲ ಕಣ್ಣೀರು.

"ಅತ್ತೆ, ನಾನೂ ಹುಲಿ. ಹೆಣ್ಣು ನೋಡೋಕೆ ಬಂದಿದ್ದ ಮಧ್ಯಸ್ಥಗಾರ್ತಿ ಹುಟ್ಟಿದ ವರ್ಷ ಕೇಳ್ದಾಗ, ಅಮ್ಮ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿ 'ಮೊಲ' ಅಂದುಬಿಟ್ಟಳು. ನೀವು ಕೆಮ್ಮಿದಾಗಲೆಲ್ಲ, ನಾನೇ ನಿಮ್ಮನ್ನ ತಿಂತಾ ಇದೀನಿ ಅಂತ ಜೀವ ಬಾಯಿಗೆ ಬರ್ತಿತ್ತು. ದೂರ ಹೋದ್ರೆ ನೀವಾದ್ರೂ ಉಳೀತೀರಿ ಅಂತ ಹೊರಟೆ."

"ಏನಂದೆ?" ಬೋಂಗ್‌ಚಿಯ ಎರಡನೇ ಕಣ್ಣೂ ತೆರೆಯಿತು. "ಹುಲಿಯನ್ನ ಮೊಲ ಅಂತ ನಂಬಿಸಿ ನನ್ನ ಮಗನ ತಲೆಗೆ ಕಟ್ಟಿದ್ಲಾ ನಿಮ್ಮಮ್ಮ? ಎಷ್ಟು ಧೈರ್ಯ ಅವಳಿಗೆ! ಇಂಥ ಮೋಸ..."

ತನ್ನ ಮಾತು ತನ್ನ ಕಿವಿಗೇ ಬಿದ್ದು ಅಲ್ಲೇ ನಿಂತಳು. ಆಮೇಲೆ ನಗು ಬಂತು. ಬಾಗಿಲ ಚೌಕಟ್ಟು ಹಿಡಿದುಕೊಂಡು, ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಇಷ್ಟು ವರ್ಷ ಎದೆಯ ಮೇಲೆ ಹೊತ್ತಿದ್ದ ಕಲ್ಲು ಇಳಿದು ಉಸಿರು ಸಲೀಸಾಗಿ ಆಡುತ್ತಿತ್ತು.

"ಮದುವೆಯಾದಾಗಿಂದ ನಿಮ್ಮ ಜೊತೇಲೇ ಇದೀನಿ. ನಿಮ್ಮನ್ನ ತಿಂದ್ನಾ ಹೇಳಿ?" ಸೊಸೆ ಕೇಳಿದಳು.

"ಎಲ್ಲಿ ತಿಂದೆ? ನೀನು ಬಂದ ಮೇಲೆ ನಾನೇ ಊದಿಕೊಂಡಿದೀನಿ."

"ಮತ್ತೆ ನೀವು ಇವಳನ್ನ ತಿಂತೀರಾ? ಇವಳು ಹುಟ್ಟಿದ್ದಾದ್ರೂ ಯಾವ ವರ್ಷ ಅತ್ತೆ?"

ಯಾವ ವರ್ಷವೆಂದು ಕೇಳಬೇಕೆ, ಹನ್ನೆರಡರ ಸರದಿ ಸುತ್ತಿ ಮತ್ತೆ ಹುಲಿಯ ವರ್ಷವೇ ಬಂದು ಊರ ತುಂಬ ಹುಲಿಯ ಚಿತ್ರಗಳೇ ತೂಗುತ್ತಿದ್ದವು. ತನ್ನ ಭಯದಲ್ಲಿ ಅದೊಂದನ್ನು ಬೋಂಗ್‌ಚಿ ಯೋಚಿಸಿಯೇ ಇರಲಿಲ್ಲ. ಅವಳು ಅಂಗಿಯ ತುದಿಗೆ ಕೈ ಒರೆಸಿಕೊಂಡು, ಹೊಸ್ತಿಲು ದಾಟಿ ಒಳಗೆ ಬಂದಳು. ಮಗುವನ್ನು ಎತ್ತಿಕೊಂಡಳು. ಬೆಚ್ಚಗಿತ್ತು, ಹಾಲು ವಾಸನೆ ಬರುತ್ತಿತ್ತು.

"ಮುಂದೆ ಇವಳ ಮದುವೆ ಮಾತು ಬಂದಾಗ ಏನೇ ಹೇಳೋದು? ಮೊಲ ಅಂದುಬಿಡೋಣ್ವಾ?"

"ಬೇಡ ಅತ್ತೆ. ಹುಲಿ ಅಂತಾನೇ ಹೇಳೋಣ. ಹೆದರೋರು ಹೆದರ್ಲಿ."

ಆ ಹೊತ್ತಿಗೆ ಮನೆಯ ಮೂರನೆಯ ಹುಲಿಗೆ ಎಚ್ಚರವಾಯಿತು. ಅಜ್ಜಿಯ ಮುಖಕ್ಕೆ ನೇರವಾಗಿ, ದೊಡ್ಡದಾಗಿ ಬಾಯಿ ತೆರೆದು ಆಕಳಿಸಿತು. ಬಾಯೊಳಗೆ ಒಂದೂ ಹಲ್ಲಿರಲಿಲ್ಲ.